ಹುಬ್ಬಳ್ಳಿಯಲ್ಲಿ ಹತ್ತದ ವಿಮಾನ

ಡಿಸೆಂಬರ್ 3, ಬುಧವಾರ

ಅಕ್ಕ ಬಂದಿದ್ದಾಳೆ. ಹಂಸಭಾವಿಯಲ್ಲಿ 6.50ರ ಬಸ್ಸು ಹತ್ತಿ, ಹಾವೇರಿಯಲ್ಲಿ ಬದಲಿಸಿ, ಶಿಗ್ಗಾಂವಿಗೆ 10.25ಕ್ಕೆ ಇಳಿದಳು. ಹದಿನೈದು ನಿಮಿಷ ಲೇಟು. ನಾನಿನ್ನೂ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದರೆ ಆ ಡ್ರೈವರನ ಬೆವರಿಳಿಸುತ್ತಿದ್ದೆ. ನಿವೃತ್ತಿಯಾಗಿ ಎರಡು ವರ್ಷ ಕಳೆಯಿತು. ಈಗ ಟೈಮಿನ ಲೆಕ್ಕ ಕೇಳಲು ನನಗೆ ಹೆಂಡತಿ ನೀಲಾಂಬಿಕಾ ಒಬ್ಬಳೇ ಸಿಗುತ್ತಾಳೆ, ಅವಳು ನನಗೇ ಮೆಮೊ ಕೊಡುವವಳು.

ಚೀಲದಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ತೆಗೆದಿಟ್ಟ ಮೇಲೆ ಅಕ್ಕ ಒಂದು ಬಣ್ಣದ ಕಾಗದ ಬಿಚ್ಚಿದಳು. ಹಡಗಿನ ಚಿತ್ರ. ಕೋಲ್ಕತ್ತಾದ ನೀಲಧಾರಾ ಎಂಬ ಕಂಪನಿಯದು. ಗುವಾಹಟಿಯಿಂದ ಹೊರಟು ಬ್ರಹ್ಮಪುತ್ರಾ ನದಿಯಲ್ಲಿ ಏಳು ದಿನ ತಿರುಗಾಡಿಸುತ್ತಾರಂತೆ.

"ಪರಮ್ಯಾ, ಇದು ಅವರು ಹೋದ ಜಾಗಾಕ್ಕ ಹೋಗತೇತಿ. ನನ್ನ ಕರಕೊಂಡು ಹೋಗು."

ಅವರು ಎಂದರೆ ನನ್ನ ಭಾವ ಹನುಮಂತಪ್ಪ. ಮಿಲಿಟರಿಯಲ್ಲಿ ಲಾರಿ ಡ್ರೈವರ್. 1988ರ ಆಗಸ್ಟಿನಲ್ಲಿ ಲಾರಿ ಸಮೇತ ಇದೇ ಬ್ರಹ್ಮಪುತ್ರಾ ಹೊಳೆ ದಾಟುವಾಗ, ನೆರೆಯ ನೀರಿನಲ್ಲಿ ದೋಣಿ ಓರೆಯಾಗಿ ಲಾರಿ ಜಾರಿಹೋಯಿತು. ಮನೆಗೆ ಟ್ರಂಕು ಬಂತು, ಮನುಷ್ಯ ಬರಲಿಲ್ಲ. ನಮ್ಮಲ್ಲಿ ಸತ್ತವರನ್ನು ಹೂಳುವುದು. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಕೊಡುತ್ತಾರೆ, ಅಲ್ಲಿಗೆ ಋಣ ಹರಿಯಿತು. ಅಕ್ಕ ಗಂಡನಿಗೆ ಇನ್ನೂ ಮಣ್ಣು ಕೊಟ್ಟಿಲ್ಲ. ಅದಕ್ಕೇ ಊರಲ್ಲಿ ಯಾರ ಮಣ್ಣಿಗೂ ಅವಳು ಹೋಗುವುದಿಲ್ಲ. "ನಂದ ಬಾಕಿ ಐತಿ, ಇನ್ನೊಬ್ಬರಿಗೆ ಹೆಂಗ ಕೊಡ್ಲಿ" ಅನ್ನುತ್ತಾಳೆ.

ಆಗ ದೋಣಿ ನಿಲ್ಲುತ್ತಿದ್ದ ಘಾಟನ್ನು ಹೊಳೆ ಎಂದೋ ನುಂಗಿದೆಯಂತೆ. ರಸ್ತೆಯಿಂದ ಹೋಗಲು ಬರುವುದಿಲ್ಲ. ಈ ಹಡಗಿನವರು ಮಾತ್ರ ಅಲ್ಲಿಯ ಉಸುಕಿನ ದಿಬ್ಬಕ್ಕೆ ಸಣ್ಣ ದೋಣಿಯಲ್ಲಿ ಇಳಿಸುತ್ತಾರೆ. ಸವಣೂರಿನಲ್ಲಿ ಟಿಕೆಟ್ ಅಂಗಡಿ ಇಟ್ಟಿರುವ ಸಾಯಿಮಾ ಎಂಬ ಹುಡುಗಿ ಕಂಪನಿಗೆ ಫೋನು ಮಾಡಿ ಕೇಳಿಕೊಟ್ಟಿದ್ದಾಳೆ. ಇಷ್ಟೆಲ್ಲ ವಿಚಾರಣೆ ಅಕ್ಕ ನನಗೆ ಹೇಳದೆಯೇ ಮಾಡಿದ್ದಾಳೆ!

"ನೋಡೂಣು" ಅಂದೆ. ಮೂವತ್ತೇಳು ವರ್ಷದಿಂದ ಅದನ್ನೇ ಅನ್ನುತ್ತ ಬಂದಿದ್ದೇನೆ.

ಡಿಸೆಂಬರ್ 4, ಗುರುವಾರ

ನೀಲಾಂಬಿಕಾ ಚಹಾ ಕೊಡುವಾಗ ಹೇಳಿದಳು: "ಆಕಿ ಇನ್ನ ಎಷ್ಟ ಸಲ ಕೇಳಬೇಕ್ರಿ? ಮ್ವಣಕಾಲು ನಡಿಯೂತನಾ ಹೋಗಿ ಬರ್ರಿ." ನೀನೂ ಬಾ ಅಂದೆ. ಬಸ್ಸು ವರದಾ ನದಿಯ ಸೇತುವೆ ದಾಟಿದರೇ ಕಣ್ಣು ಮುಚ್ಚಿಕೊಳ್ಳುವವಳು ಅವಳು. ಕೈ ಮುಗಿದಳು.

ಹೋಗುವುದೆಂದಾಯಿತು. ಸುಮ್ಮನೆ ದುಂದು, ಸುಮ್ಮನೆ ತ್ರಾಸು. ಆದರೆ ಇಬ್ಬರು ಹೆಂಗಸರ ನಡುವೆ ಸಿಕ್ಕವನು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ.

ಡಿಸೆಂಬರ್ 10, ಬುಧವಾರ

ಸವಣೂರು. 11.05ಕ್ಕೆ ಅಂಗಡಿ ಮುಟ್ಟಿದೆವು. ಸಾಯಿಮಾ ಮೆಕ್ಕಾಗೆ ಉಮ್ರಾ ಯಾತ್ರೆ ಹೋಗುವವರ ಟಿಕೆಟ್ ಮಾಡಿ ಮಾಡಿ ಪಳಗಿದ ಹುಡುಗಿ, ವಯಸ್ಸು ಇಪ್ಪತ್ತೆಂಟು ಇದ್ದೀತು. ಅಕ್ಕನಿಗೆ ಕುರ್ಚಿ, ನನಗೆ ಸ್ಟೂಲು.

ವಿಮಾನದ ಟಿಕೆಟನ್ನು ನಾನೇ ತೆಗೆಸುತ್ತೇನೆ, ಹಡಗಿನದು ಮಾತ್ರ ನೀನು ಮಾಡು ಅಂದೆ. ಅವಳು ತಲೆ ಅಲ್ಲಾಡಿಸಿದಳು.

"ಬ್ಯಾಡ್ರಿ ಕಾಕಾ. ಕಂಪನಿ ಕೈಲೇ ತಗಿಸ್ರಿ. ನಡುವ ವಿಮಾನ ಲೇಟಾತು, ರದ್ದಾತು ಅಂತಂದ್ರ ನಿಮ್ಮನ್ನ ಹಡಗಕ್ಕ ಮುಟ್ಟಸೂದು ಅವರ ತಲಿನೋವು. ನೀವ ತಗಿಸಿದ್ರ, ಹಡಗ ನಿಮ್ಮ ಸಲುವಾಗಿ ನಿಲ್ಲಂಗಿಲ್ಲ."

"ಕಂಪನಿ ಕೈಲೆ ತಗಿಸಿದ್ರ ಲುಕ್ಸಾನೇನು?"

"ಒಂದ ಐತ್ರಿ. ಆ ಟಿಕೆಟ್ಟ ನೀವ ಮುಟ್ಟಾಂಗಿಲ್ಲ. ವಿಮಾನದವರನ್ನ ಕೇಳಿದ್ರ ಕಂಪನೀನ ಕೇಳ್ರಿ ಅಂತಾರ. ಏನ ಆದ್ರೂ ಮೊದಲ ನನಗ ಫೋನ್ ಹಚ್ರಿ. ನೀವಾಗೇ ಏನೂ ಮಾಡಬ್ಯಾಡ್ರಿ."

ಸಾರಿಗೆಯಲ್ಲಿ ಮೂವತ್ತೈದು ವರ್ಷ ತೆಗೆದವನಿಗೆ ಹೇಳುವ ಮಾತೇ ಇದು? ಜನವರಿ 20ಕ್ಕೆ ಹುಬ್ಬಳ್ಳಿಯಿಂದ ಬೆಂಗಳೂರು, ಅಲ್ಲಿಂದ ಗುವಾಹಟಿ. 21ಕ್ಕೆ ಹಡಗು ಹೊರಡುತ್ತದೆ. 23ರ ಬೆಳಿಗ್ಗೆ ಭಾವನ ಜಾಗ. ಅದಾದ ಮೇಲೆ ಹಡಗು ಮೇಲಕ್ಕೆ ಹೋಗಿಬಿಡುತ್ತದೆ, ಮರಳಿ ಬರುವಾಗ ಅಲ್ಲಿ ನಿಲ್ಲುವುದಿಲ್ಲ.

ಡಿಸೆಂಬರ್ 27, ಶನಿವಾರ

ಟಿಕೆಟ್ ಬಂದವು. ನಾನೊಂದು ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದ್ದೇನೆ: ಏಳುವುದು 4.30, ಸ್ನಾನ 4.45, ನಾಷ್ಟಾ 5.20. ನೀಲಾಂಬಿಕಾ ಅದರ ಕೆಳಗೆ ಪೆನ್ಸಿಲಿನಲ್ಲಿ "ಉಸಿರಾಡುವುದು ಯಾವಾಗ?" ಎಂದು ಬರೆದಿದ್ದಾಳೆ.

ಅಕ್ಕ ದಿನಕ್ಕೆ ಮೂರು ಸಲ ಫೋನು. ವಿಮಾನದಲ್ಲಿ ರೊಟ್ಟಿ ಒಯ್ಯಬಹುದೇ? ವಿಭೂತಿ ಗಟ್ಟಿ? ಕೊರಳಿನ ಲಿಂಗ ತೆಗೆಸುತ್ತಾರೆಯೇ? ಇವತ್ತು ಸಿಟ್ಟು ಬಂತು. "ನೀ ಒಬ್ಬಾಕಿನ ವಿಮಾನ ಹತ್ತಾಕತ್ತಿಲ್ಲ, ಸುಮ್ಕಿರು" ಅಂದುಬಿಟ್ಟೆ. ಫೋನು ಇಟ್ಟಳು. ಸಂಜೆಯ ಕರೆ ಬರಲಿಲ್ಲ.

ಜನವರಿ 11, ಭಾನುವಾರ

ಸ್ವೆಟರ್ ಹುಡುಕಲು ಹಳೆಯ ಪೆಟ್ಟಿಗೆ ತೆಗೆದೆ. ತಳದಲ್ಲಿ ಕೆಲಸದ ಸಂದರ್ಶನಕ್ಕೆ ಕರೆದ ಕಾಗದ ಸಿಕ್ಕಿತು. ತಾರೀಖು 1988 ಆಗಸ್ಟ್ 22.

ಈ ಪುಸ್ತಕವನ್ನು ಯಾರೂ ಓದುವುದಿಲ್ಲ, ಅದಕ್ಕೆ ಬರೆಯುತ್ತೇನೆ. ಭಾವ ಹೋದ ತಂತಿ ಬಂದ ಮೇಲೆ ಮಿಲಿಟರಿಯಿಂದ ಒಂದು ಪತ್ರವೂ ಬಂದಿತ್ತು. ಹುಡುಕಾಟ ನಡೆದಿದೆ, ಮನೆಯವರು ಯಾರಾದರೂ ಬರಬಹುದು, ರೈಲಿನ ಪಾಸು ಜೊತೆಗಿದೆ ಎಂದು. ಇಂಗ್ಲಿಷ್ ಪತ್ರ. ಮನೆಯಲ್ಲಿ ಓದಲು ಬರುತ್ತಿದ್ದವನು ನಾನೊಬ್ಬನೇ. "ಏನ ಬರದಾರೋ ತಮ್ಮಾ?" ಎಂದು ಅಕ್ಕ ಕೇಳಿದಳು. ಸಂದರ್ಶನ ಆ ವಾರವೇ ಇತ್ತು.

"ಯಾರೂ ಬರೂದು ಬ್ಯಾಡ ಅಂತ ಬರದಾರ" ಎಂದೆ.

ಪತ್ರವನ್ನು ಒಲೆಗೆ ಹಾಕಿದೆ. ಕೆಲಸ ಸಿಕ್ಕಿತು, ಹಾನಗಲ್ಲ ಡಿಪೋದಲ್ಲಿ. ಮೊದಲ ಸಂಬಳದಲ್ಲಿ ಅಕ್ಕನಿಗೆ ಸೀರೆ ತಂದೆ. ಅವಳು ಅದನ್ನು ಉಟ್ಟು, ನನ್ನ ತಲೆ ಸವರಿ, "ನಮ್ಮ ಪರಮ್ಯಾ ದೊಡ್ಡಾವ ಆದ" ಎಂದಳು. ನಾನು ಹೋಗಿದ್ದರೆ ಏನಾಗುತ್ತಿತ್ತು? ಬಹುಶಃ ಏನೂ ಇಲ್ಲ. ಒಂದು ಹಿಡಿ ಮಣ್ಣಾದರೂ ಬೀಳುತ್ತಿತ್ತು.

ಸ್ವೆಟರ್ ಸಿಗಲಿಲ್ಲ.

ಜನವರಿ 19, ಸೋಮವಾರ

ಅಕ್ಕ ನಿನ್ನೆಯೇ ಬಂದಿದ್ದಾಳೆ. ಎಂದೂ ಮಾತಾಡಿದ್ದಕ್ಕಿಂತ ಹೆಚ್ಚು ಮಾತಾಡುತ್ತಿದ್ದಾಳೆ. ಹೊಸ ಚಪ್ಪಲಿ ಹಾಕಿಕೊಂಡು ಪಡಸಾಲೆಯಲ್ಲಿ ಅಡ್ಡಾಡಿ ರೂಢಿ ಮಾಡಿಕೊಳ್ಳುತ್ತಿದ್ದಾಳೆ. ಅರವತ್ತೇಳರ ಮುದುಕಿ ಶಾಲೆಯ ಟ್ರಿಪ್ಪಿಗೆ ಹೊರಟ ಹುಡುಗಿಯ ಹಾಗೆ. ಎಲ್ಲ ತಯಾರು. 9.40ರ ವಿಮಾನ. ಕಾರು 6.15ಕ್ಕೆ.

ಜನವರಿ 20, ಮಂಗಳವಾರ. ಬಸ್ಸಿನಲ್ಲಿ

5.15ಕ್ಕೆ ಫೋನಿಗೆ ಸಂದೇಶ. ಬೆಂಗಳೂರಿನಲ್ಲಿ ಮಂಜು, ಹುಬ್ಬಳ್ಳಿಯ ವಿಮಾನ 9.40ರ ಬದಲು 12.50ಕ್ಕೆ. ಗುವಾಹಟಿಯ ವಿಮಾನ ಬೆಂಗಳೂರಿನಿಂದ 4.20ಕ್ಕೆ. ಲೆಕ್ಕಕ್ಕೆ ನೋಡಿದರೆ ಟೈಮು ಸಾಕು. ಆದರೆ ಈ 12.50ರ ಮರ್ಮ ನನಗೆ ಗೊತ್ತಿಲ್ಲವೇ? ಮೊದಲು ಮೂರು ತಾಸು ಅನ್ನುತ್ತಾರೆ, ಆಮೇಲೆ ಇನ್ನೊಂದು ತಾಸು, ಆಮೇಲೆ ಇಲ್ಲವೇ ಇಲ್ಲ. ಇದೇ ಪಾಠವನ್ನು ನಾನು ಎಷ್ಟು ಸಾವಿರ ಜನಕ್ಕೆ ಒಪ್ಪಿಸಿಲ್ಲ?

ಮನೆ ಮುಂದೆ ಹೈವೇ ಇರುವಾಗ ಹುಬ್ಬಳ್ಳಿಯಲ್ಲಿ ಕಾಯುವುದು ಯಾಕೆ? 6.20ರ ಬೆಂಗಳೂರು ಬಸ್ಸಿಗೆ ಕೈ ಮಾಡಿದೆ. ಡ್ರೈವರ್ ಪರಿಚಯದವನು, ಮುಂದಿನ ಸೀಟು ಕೊಟ್ಟ. ಹುಬ್ಬಳ್ಳಿಯಲ್ಲಿ ಹತ್ತುವುದನ್ನು ಬೆಂಗಳೂರಿನಲ್ಲಿ ಹತ್ತಿದರಾಯಿತು. ಟಿಕೆಟ್ ಹುಬ್ಬಳ್ಳಿಯಿಂದ ಇದೆ, ನಾವು ಮುಂದಿನ ಸ್ಟಾಪಿನಲ್ಲಿ ಏರುತ್ತೇವೆ, ಅಷ್ಟೇ.

"ಸಾಯಿಮಾನ್ನ ಒಂದ ಮಾತ ಕೇಳೋ" ಎಂದಳು ಅಕ್ಕ.

"ನಾ ಎಷ್ಟ ಬಸ್ಸ ಬಿಟ್ಟೇನಿ ಅಂತ ನಿನಗ ಗೊತ್ತೈತೇನ? ಸುಮ್ನ ಕುಂಡ್ರು."

ಈಗ ದಾವಣಗೆರೆ ದಾಟಿದೆ. ಬಿಸಿಲು ಚೆನ್ನಾಗಿದೆ. ಅಕ್ಕ ನನ್ನ ಹೆಗಲಿಗೆ ಒರಗಿ ನಿದ್ದೆ ಮಾಡುತ್ತಿದ್ದಾಳೆ.

ಅದೇ ದಿನ, ಸಂಜೆ. ಬೆಂಗಳೂರು ವಿಮಾನ ನಿಲ್ದಾಣ

ಆತುರಗಾರನಿಗೆ ಬುದ್ಧಿ ಮಟ್ಟ. ಈ ಗಾದೆ ನನ್ನನ್ನು ನೋಡಿಯೇ ಮಾಡಿರಬೇಕು.

2.35ಕ್ಕೆ ಕೌಂಟರಿನ ಮುಂದೆ ನಿಂತೆ, ಎದೆ ಉಬ್ಬಿಸಿಕೊಂಡು. ಹುಡುಗಿ ಕಂಪ್ಯೂಟರ್ ನೋಡಿದಳು, ಮತ್ತೆ ನೋಡಿದಳು.

"ಸರ್, ನೀವು ಹುಬ್ಬಳ್ಳಿ ವಿಮಾನ ಹತ್ತಿಲ್ಲ. ಹಾಗಾಗಿ ಮುಂದಿನ ಟಿಕೆಟ್ ತಾನಾಗೇ ರದ್ದಾಗಿದೆ."

"ಅಲ್ರಿ ತಂಗಿ, ಹುಬ್ಬಳ್ಳಿಯಿಂದ ಬರೂದ ಬಿಟ್ಟು ಇಲ್ಲಿ ಹತ್ತತೇವಿ. ನಿಮಗೇನ ಲುಕ್ಸಾನು? ಒಂದ ವಜ್ಜಾ ಕಡಿಮಿ ಆತಲ್ಲ!"

"ಇದು ಬಸ್ ಅಲ್ಲ ಸರ್. ಮೊದಲನೇದು ಹತ್ತದೇ ಇದ್ರೆ ಉಳಿದಿದ್ದೆಲ್ಲ ಹೋಗುತ್ತೆ. ಹಡಗಿನ ಕಂಪನಿ ಮಾಡಿರೋ ಬುಕಿಂಗು, ಅವರನ್ನೇ ಕೇಳಬೇಕು. ಈಗಿನ ವಿಮಾನದಲ್ಲಿ ಸೀಟೂ ಉಳಿದಿಲ್ಲ."

ನಾನು ಕೂಗಾಡಿದೆ. ಬಸ್‌ಸ್ಟ್ಯಾಂಡಿನಲ್ಲಿ ನನಗೆ ಯಾರು ಯಾರು ಏನೇನು ಬೈದಿದ್ದರೋ ಅಷ್ಟನ್ನೂ ಆ ಹುಡುಗಿಗೆ ಬೈದೆ. ಅಷ್ಟರಲ್ಲಿ ಹುಬ್ಬಳ್ಳಿಯ ವಿಮಾನದಲ್ಲಿ ಬಂದ ಜನ ಗುವಾಹಟಿಯ ಸಾಲಿಗೆ ಬಂದು ನಿಂತರು. 12.50ಕ್ಕೆ ಅಂದದ್ದು 12.50ಕ್ಕೇ ಹೊರಟಿತ್ತಂತೆ. ನಾವು ಮನೆಯಲ್ಲಿ ರೊಟ್ಟಿ ತಿಂದು, ಆರಾಮಾಗಿ ಹುಬ್ಬಳ್ಳಿಗೆ ಹೋಗಿದ್ದರೆ ಆ ಸಾಲಿನಲ್ಲಿ ಇರುತ್ತಿದ್ದೆವು. 4.20ಕ್ಕೆ ವಿಮಾನ ಹಾರಿತು. ಅಕ್ಕ ಗಾಜಿನ ಆಚೆ ನೋಡುತ್ತ, "ಅದನೋ ನಮ್ದು?" ಎಂದಳು. ಅದಲ್ಲ, ಬೇರೆ ಯಾವುದೋ. ಆದರೂ ಹೌದೆಂದೆ.

ಸಾಯಿಮಾಗೆ ಫೋನು ಹಚ್ಚಿದೆ. ಒಂದು ಮಾತೂ ಬೈಯಲಿಲ್ಲ. ಹೇಳಿದಳು: "ಕಾಕಾ, ಒಂದ ಮಾಡ್ತೇನ್ರಿ. ಬಸ್ಸಿಗೆ ಹೋಗ್ರಿ ಅಂತ ನಾನ ಹೇಳಿದ್ದೆ ಅಂತ ಕಂಪನಿಗೆ ಬರೀತೇನಿ. ಏಜೆಂಟ್ರ ತಪ್ಪ ಅಂತಂದ್ರ ಅವರ ಹೊಸಾ ಟಿಕೆಟ್ ಕೊಡಬೇಕಾಗತೇತಿ."

"ನಿನಗೇನ ಆಗತೇತಿ?"

"ನಂಗೇನ್ ಆಗತೇತ್ರಿ. ಭಾಳಂದ್ರ ಅವರ ಬುಕಿಂಗ್ ನನ್ ಕೈಯಿಂದ ಹೋಗತೇತಿ. ಅಕ್ಕಾರ ಮುಟ್ಟಬೇಕಲ್ರಿ."

ಹೂಂ ಅನ್ನುವವನಿದ್ದೆ. ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿದ್ದ ಅಕ್ಕ ಎಲ್ಲ ಕೇಳಿಸಿಕೊಂಡು, "ಎಂಥಾ ಹುಡುಗಿ ನೋಡು! ನಮ್ಮ ಸಲುವಾಗಿ ಸುಳ್ಳ ಹೇಳತೇನಿ ಅಂತಾಳ. ನೀನೂ ಹಂಗ, ನನ್ನ ಸಲುವಾಗಿ ಗಡಿಬಿಡಿ ಮಾಡಿ ಎಡವಿದಿ. ಮನಸಿಗೆ ಹಚ್ಕೋಬ್ಯಾಡ" ಎಂದು ನನ್ನ ಬೆನ್ನ ಮೇಲೆ ಕೈ ಇಟ್ಟಳು.

ಆ ಕೈ ತಡೆದುಕೊಳ್ಳಲಾಗಲಿಲ್ಲ. ಸಾಯಿಮಾಗೆ ಹೇಳಿದೆ, ಬ್ಯಾಡ ತಂಗಿ, ತಪ್ಪು ನಂದು, ಕಂಪನಿಯವರಿಗೆ ನಾನೇ ಹೇಳತೇನಿ ಅಂತ. ಕೋಲ್ಕತ್ತಾದ ಮ್ಯಾನೇಜರ್ ಜೊತೆ ನನ್ನ ಮುರುಕು ಹಿಂದಿಯಲ್ಲಿ ಮಾತಾಡಿದೆ. ಅವನು ಕಡ್ಡಿ ಮುರಿದ ಹಾಗೆ ಹೇಳಿದ: ಹೊಸ ಟಿಕೆಟಿನ ಖರ್ಚು ನಿಮ್ಮದು. ಆದರೆ ಅದನ್ನೂ ನಮ್ಮ ಮೂಲಕವೇ ಮಾಡಿಸಿ, ಮತ್ತೆ ಏನಾದರೂ ಆದರೆ ಹಡಗಿಗೆ ಮುಟ್ಟಿಸುವುದು ನಮ್ಮ ಕೆಲಸ. ನಾಳೆ ಕೋಲ್ಕತ್ತಾ, ಅಲ್ಲಿಂದ ಗುವಾಹಟಿ. ಹಡಗು ನಾಳೆ ನಮ್ಮನ್ನು ಬಿಟ್ಟೇ ಹೊರಡುತ್ತದೆ. 22ರ ಸಂಜೆಯೊಳಗೆ ಕಾರಿನಲ್ಲಿ ತೇಜಪುರದ ಘಾಟಿಗೆ ಮುಟ್ಟಿದರೆ ಹತ್ತಿಸಿಕೊಳ್ಳುತ್ತಾರೆ. ಮುಟ್ಟದಿದ್ದರೆ ಇಲ್ಲ.

ಆಮೇಲೆ ಅಕ್ಕನಿಗೆ ಹೇಳಿದೆ. ಪತ್ರದ್ದು. ರೈಲಿನ ಪಾಸಿನದ್ದು. ಸಂದರ್ಶನದ್ದು. ಒಲೆಗೆ ಹಾಕಿದ್ದು. ಒಂದೂ ಬಿಡದೆ ಹೇಳಿದೆ. ನಡುವೆ ಜನ ಗಾಲಿಯ ಪೆಟ್ಟಿಗೆ ಎಳೆದುಕೊಂಡು ಹೋಗುತ್ತಿದ್ದರು, ಮೈಕಿನಲ್ಲಿ ಏನೇನೋ ಹೇಳುತ್ತಿದ್ದರು. ಅಕ್ಕ ನನ್ನ ಬೆನ್ನ ಮೇಲಿದ್ದ ಕೈ ತೆಗೆದಳು.

ಜನವರಿ 21, ಬುಧವಾರ

ಸಾಯಿಮಾಳ ಅಣ್ಣ ತೌಹೀದ ಯಲಹಂಕದಲ್ಲಿದ್ದಾನೆ. ನಿನ್ನೆ ತಾನಾಗಿಯೇ ಬಂದು ಮನೆಗೆ ಕರೆದುಕೊಂಡು ಹೋದ. ಅಕ್ಕ ಅವನ ಹೆಂಡತಿಯ ಜೊತೆ ಕುಳಿತು ಕಾಯಿಪಲ್ಲೆ ಸೋಸಿದಳು, ತನ್ನ ರೊಟ್ಟಿ ಬಡಿಸಿದಳು, ಅವರ ಮಗುವಿಗೆ ಲಾಲಿ ಹಾಡಿದಳು. ನನ್ನ ಜೊತೆ ಮಾತಿಲ್ಲ. ತಾಟು ಮುಂದಿಡುತ್ತಾಳೆ, ಮುಖ ನೋಡುವುದಿಲ್ಲ.

ಮತ್ತೆ ವಿಮಾನ ನಿಲ್ದಾಣ. ಈಗ ಕೋಲ್ಕತ್ತಾದಲ್ಲಿ ಮಂಜಂತೆ. ವಿಮಾನ ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ಸಾಯಿಮಾ ಫೋನು ಮಾಡಿ, "ಕಾಕಾ, ಎದ್ದ ಎಲ್ಲೂ ಹೋಗಬ್ಯಾಡ್ರಿ, ಕೈ ಮುಗಿತೇನಿ" ಎಂದಳು. ಕುರ್ಚಿಗೆ ಮೊಳೆ ಹೊಡೆದುಕೊಂಡು ಕುಂತೇನವ್ವಾ ಎಂದೆ.

ಕೌಂಟರಿನ ಸುತ್ತ ಜನ ಮುತ್ತಿಕೊಂಡಿದ್ದರು. ಇವತ್ತಿನವಳು ಬೇರೆ ಹುಡುಗಿ, ಇನ್ನೂ ಚಿಕ್ಕವಳು. ಒಬ್ಬ ಸೂಟಿನವನು ಅವಳ ಮುಖದ ಮುಂದೆ ಬೆರಳಾಡಿಸುತ್ತಿದ್ದ. ನನಗೆ ಕುಳಿತುಕೊಳ್ಳಲಾಗಲಿಲ್ಲ. ಹೋಗಿ, "ಆಕಿಗೂ ಗೊತ್ತಿಲ್ರೀ. ಗೊತ್ತಿದ್ರ ಹೇಳತಿದ್ಲು. ಗೊತ್ತಿಲ್ಲ ಅನ್ನಾಕೂ ಮ್ಯಾಲಿನವರು ಬಿಡಂಗಿಲ್ಲ ಆಕಿನ್ನ" ಎಂದೆ. ಅವನಿಗೆ ನನ್ನ ಕನ್ನಡ ತಿಳಿಯಿತೋ ಇಲ್ಲವೋ, ಗೊಣಗುತ್ತ ಹೋದ. ಒಂದು ಚಹಾ ತಂದು ಅವಳ ಮುಂದಿಟ್ಟೆ. ನಿನ್ನೆಯವಳು ಕಂಡರೆ ಕ್ಷಮಾ ಕೇಳಬೇಕಿತ್ತು, ಕಾಣಲಿಲ್ಲ.

ಮರಳಿ ಬಂದಾಗ ನನ್ನ ಕುರ್ಚಿಯ ಮೇಲೆ ಅರ್ಧ ರೊಟ್ಟಿ, ಚಟ್ನಿ ಹಚ್ಚಿ ಮಡಿಚಿ ಇಟ್ಟಿತ್ತು. ಅಕ್ಕ ಬೇರೆ ಕಡೆ ನೋಡುತ್ತಿದ್ದಳು.

ಜನವರಿ 22, ಗುರುವಾರ

ಕೋಲ್ಕತ್ತಾ ಮುಟ್ಟುವುದರೊಳಗೆ ಗುವಾಹಟಿಯ ವಿಮಾನ ಹೋಗಿಬಿಟ್ಟಿತ್ತು. ಆದರೆ ಬಾಗಿಲಲ್ಲೇ ಕಂಪನಿಯವನು ನಮ್ಮ ಹೆಸರಿನ ಫಲಕ ಹಿಡಿದು ನಿಂತಿದ್ದ. ಮಲಗಲು ಕೋಣೆ, ಬೆಳಿಗ್ಗೆಯ ಬೇರೆ ವಿಮಾನ, ಎಲ್ಲ ಅವನೇ ಮಾಡಿದ. ಸಾಯಿಮಾ ಮೊದಲ ದಿನವೇ ಹೇಳಿದ್ದಳಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಗಿತ್ತು.

ಗುವಾಹಟಿಯಿಂದ ಕಾರು. ಎರಡೂ ಕಡೆ ಸಾಸಿವೆಯ ಹಳದಿ ಹೊಲ. ಅಕ್ಕನ ಮೊಣಕಾಲು ಬಾತಿತ್ತು. ದಾರಿಯಲ್ಲಿ ಒಂದು ಅಂಗಡಿಯಲ್ಲಿ ಬಿಸಿನೀರು ಕೇಳಿ ತಂದು, ಟವೆಲ್ ಅದ್ದಿ ಶಾಖ ಕೊಟ್ಟೆ. ಬೇಡ ಅನ್ನಲಿಲ್ಲ. ಸಣ್ಣವನಿದ್ದಾಗ ನನಗೆ ಜ್ವರ ಬಂದರೆ ಇವಳೇ ಒದ್ದೆ ಬಟ್ಟೆ ಹಾಕುತ್ತಿದ್ದಳು. ಅವ್ವ ಹೊಲಕ್ಕೆ ಹೋಗಿರುತ್ತಿದ್ದಳು. ಎಷ್ಟು ವರ್ಷದಿಂದ ನಾನು ಇವಳ ಕಾಲು ಮುಟ್ಟಿರಲಿಲ್ಲವೋ.

ಒಂದು ಕಡೆ ಸೇತುವೆಯ ರಿಪೇರಿ, ಕಾರು ನಿಂತುಬಿಟ್ಟಿತು. ಡ್ರೈವರ್ ಚಡಪಡಿಸಿದ. ಮುಟ್ಟದಿದ್ದರೆ ಎಂಬ ಹೆದರಿಕೆ ನನಗೂ ಇತ್ತು, ಆದರೆ ಇಳಿದು ಯಾರಿಗೂ ಏನೂ ಹೇಳಲಿಲ್ಲ. ಅಕ್ಕನ ಕಾಲು ನನ್ನ ತೊಡೆಯ ಮೇಲಿತ್ತು.

ಮುಟ್ಟಿದೆವು. ಬೆಳಕು ಇನ್ನೂ ಇತ್ತು. ಹಡಗು ಹೊರಡಲು ಹಗ್ಗ ಬಿಚ್ಚಿದ್ದವರು, ನಮ್ಮ ಕಾರು ಕಂಡು ಮತ್ತೆ ಕಟ್ಟಿದರು. ಹೊಳೆ ನೋಡಿ ಅಕ್ಕ ನಿಂತುಬಿಟ್ಟಳು. ಆಚೆ ದಡ ಕಾಣುವುದಿಲ್ಲ. ನಮ್ಮ ವರದಾ ಇದರ ಮುಂದೆ ಗದ್ದೆಯ ಕಾಲುವೆ. ಈ ನೀರಿನಲ್ಲಿ ಭಾವನನ್ನು ಎಲ್ಲಿ ಅಂತ ಹುಡುಕಿದರೋ ಪಾಪ.

ಸಾಯಿಮಾಗೆ ಫೋನು ಮಾಡಿ ಮುಟ್ಟಿದೆವು ಎಂದೆ. ಅವಳು ಅಳುತ್ತಿದ್ದಳು. ನನಗಿಂತ ಅವಳಿಗೇ ಹೆಚ್ಚು ಹೆದರಿಕೆಯಾಗಿತ್ತೆಂದು ಕಾಣುತ್ತದೆ.

ಜನವರಿ 23, ಶುಕ್ರವಾರ

ಬೆಳಿಗ್ಗೆ ಮಂಜು. ಹಡಗಿನವರು ಸ್ವಲ್ಪ ಕಾಯೋಣ ಎಂದರು. ಕಾಯ್ದೆವು. ಎಷ್ಟು ಹೊತ್ತೋ ಗೊತ್ತಿಲ್ಲ, ಬಿಸಿಲು ಬಂದ ಮೇಲೆ ಸಣ್ಣ ದೋಣಿಯಲ್ಲಿ ಕರೆದೊಯ್ದರು. ನಡು ಹೊಳೆಯಲ್ಲಿ ಉದ್ದನೆಯ ಬಿಳಿ ಉಸುಕಿನ ದಿಬ್ಬ. ಹಳೆಯ ಘಾಟು ಇದರ ಹತ್ತಿರವೇ ಇತ್ತು ಎಂದು ದೋಣಿಯವನು ಕೈ ತೋರಿಸಿದ. ಅವನಿಗೆ ವಿಷಯ ಗೊತ್ತಿತ್ತು. ನಮ್ಮಿಬ್ಬರನ್ನು ಇಳಿಸಿ, ದೋಣಿಯನ್ನು ದೂರ ಒಯ್ದು ಬೆನ್ನು ತಿರುಗಿಸಿ ಕುಳಿತ.

ಅಕ್ಕ ಚಪ್ಪಲಿ ಬಿಟ್ಟಳು. ನೀರಿನ ಅಂಚಿಗೆ ಹೋಗಿ, ಹಣೆಗೆ ವಿಭೂತಿ ಧರಿಸಿ, ಬಗ್ಗಿ ಒಂದು ಹಿಡಿ ಹಸಿ ಉಸುಕು ತೆಗೆದುಕೊಂಡಳು. ಕೊಡುತ್ತಾಳೆ ಅಂದುಕೊಂಡೆ. ಕೊಡಲಿಲ್ಲ. ಹಿಡಿ ಮುಚ್ಚಿಕೊಂಡು ನಿಂತೇ ಇದ್ದಳು. ಆಮೇಲೆ, ಮದುವೆಯ ಮನೆಯಲ್ಲಿ ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆದು ಗಂಡನ ಹೆಸರು ಹೇಳು ಎಂದು ಕಾಡಿದಾಗ ಅವಳು ಒಡಪು ಕಟ್ಟಿ ಹೇಳುವುದಿಲ್ಲವೇ, ಆ ದನಿಯಲ್ಲಿ ಹೇಳಿದಳು.

"ಹಂಸಭಾವಿ ಮಣ್ಣು ಕೆಂಪ, ಹೊಳಿಯ ಗಾಳಿ ತಂಪ,
ದಾರಿ ನೋಡಿ ದಣದೇನಿ ನಾನು, ಹನುಮಂತಪ್ಪನವರ,
ಮಾಡ್ರಿ ಇನ್ನ ನಿದ್ದಿ ಸೊಂಪ."

ಉಸುಕನ್ನು ನೀರಿಗೆ ಬಿಟ್ಟಳು. ಅವಳ ಬಾಯಲ್ಲಿ ಭಾವನ ಹೆಸರು ನಾನು ಕೇಳಿದ್ದು ಅದೇ ಮೊದಲು. ನನಗೆ ದುಃಖ ತಡೆಯಲಿಲ್ಲ.

ಅಕ್ಕ ತಿರುಗಿ ನೋಡಿದಳು. ಎರಡು ದಿನದ ಮೇಲೆ ನನ್ನ ಮುಖ ನೋಡಿದಳು.

"ಬಾ. ನೀನೂ ಕೊಡು."

"ನಾ ಹೆಂಗ ಕೊಡ್ಲಿ ಅಕ್ಕ. ಕೊಡೂ ಹೊತ್ತಿನ್ಯಾಗ ಬರಲಿಲ್ಲ ನಾ."

"ನಂಗೂ ಭಾಳ ಸಿಟ್ಟ ಬಂದಿತ್ತು. ಎರಡ ದಿನಾ ನಿನ್ನ ಮಾರಿ ನೋಡಬಾರದು ಅನ್ನುವಷ್ಟ ಬಂದಿತ್ತು" ಎಂದಳು. ಸೆರಗಿನಿಂದ ಕೈ ಒರೆಸಿಕೊಂಡಳು. "ನಿನ್ನಿ ನೀ ನನ್ನ ಕಾಲಿಗೆ ಶಾಖ ಕೊಡೂ ಮುಂದ ವಿಚಾರ ಮಾಡಿದೆ. ಆವತ್ತ ನೀ ಹೋಗಿದ್ದಿ ಅಂದ್ರ ನೀ ಮಣ್ಣ ಕೊಟ್ಟ ಬರತಿದ್ದಿ. ನಾ ಮನ್ಯಾಗ ಕುಂತ ಅಳತಿದ್ದೆ. ಮುಗೀತು ಅಂತಿದ್ರು ಎಲ್ಲಾರೂ. ನನ್ನ ಇಲ್ಲೀತನಕ ಯಾರ ಕರಕೊಂಡ ಬರತಿದ್ರೋ? ನನ್ನ ಕೈಲೆ ನಾ ಕೊಟ್ಟೆ ಇವತ್ತ. ನಿನ್ನ ಸುಳ್ಳ ಸುಳ್ಳ ಹೌದು. ಆದರ ಕರಕೊಂಡ ಬಂದಾವನೂ ನೀನ."

ನಾನು ಬಗ್ಗಿದೆ. ಉಸುಕು ತಣ್ಣಗಿತ್ತು. ನೀರಿಗೆ ಬಿಡುವಾಗ ಏನೋ ಮಂತ್ರ ಹೇಳಬೇಕು, ವಚನ ಹೇಳಬೇಕು ಎಂದು ಬಾಯಿ ತೆರೆದೆ. ಒಂದೂ ನೆನಪಾಗಲಿಲ್ಲ.

"ಭಾವಾ, ಭಾಳ ಲೇಟಾತ್ರಿ" ಎಂದೆ.

"ಇರ್ಲಿ ಬಿಡು" ಎಂದಳು ಅಕ್ಕ. "ಅವರಾದ್ರೂ ರಜಾಕ್ಕ ಊರಿಗೆ ಬರೂ ಮುಂದ ಯಾವತ್ತ ಹೇಳಿದ ಟೈಮಿಗೆ ಬಂದಿದ್ರು?"

ನನಗೆ ನಗು ಬಂತು. ಅಕ್ಕನೂ ನಕ್ಕಳು. ನಗುತ್ತ ನಗುತ್ತಲೇ ಅವಳು ಉಸುಕಿನ ಮೇಲೆ ಕುಸಿದು ಕುಳಿತು, ಮೂವತ್ತೇಳು ವರ್ಷದ ಅಳುವನ್ನೆಲ್ಲ ಅತ್ತಳು. ನಾನು ಪಕ್ಕದಲ್ಲಿ ಕುಳಿತೆ. ದೋಣಿಯವನು ಕರೆಯಲಿಲ್ಲ, ನಾವೂ ಏಳಲಿಲ್ಲ.